ನಾಲ್ಕನೆಯ ಜಾಗದ ನೆಗ್ಗು

ಪತ್ರ ಬಂದ ದಿನ ನಮ್ಮ ಮನೆಯ ಗಂಡಸರಿಬ್ಬರೂ ಕೇಳಿದ ಮೊದಲ ಪ್ರಶ್ನೆಗಳನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ರೇಡಿಯೋದವರು ನನ್ನ ಅತ್ತೆಗೆ ಬರೆದಿದ್ದರು: ನೀವು ಟ್ರೊಂಬೋನಿಗಾಗಿ ರಚಿಸಿರುವ ನಲವತ್ತೊಂದು ನಿಮಿಷದ ಕೃತಿಯನ್ನು ಪೂರ್ತಿಯಾಗಿ ಧ್ವನಿಮುದ್ರಣ ಮಾಡಬೇಕೆಂದಿದ್ದೇವೆ, ಆರು ವಾರದ ನಂತರ ಒಂದು ದಿನ ಸ್ಟುಡಿಯೋ ನಿಮಗಾಗಿ ಖಾಲಿ ಇಟ್ಟಿದ್ದೇವೆ. ಅತ್ತೆ ಆ ಪತ್ರವನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ಎಲ್ಲರಿಗೂ ಕಾಣುವಂತೆ ಇಟ್ಟರು.

ಮಾವ ಓದಿ, "ಊಟ ಅವ್ರೇ ಹಾಕ್ತಾರಂತಾ?" ಎಂದರು.

ನನ್ನ ಗಂಡ ಓದಿ, "ನಲವತ್ತೊಂದು ನಿಮಿಷಾನಾ? ಯಾರಮ್ಮ ಅಷ್ಟೊತ್ತು ಕೂತು ಕೇಳ್ತಾರೆ?" ಎಂದರು.

ಅತ್ತೆ ಇಬ್ಬರ ಬಟ್ಟಲಿಗೂ ಸೂಪು ಬಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಹಾಗಂತ ನಾನೇನು ಸಾಚಾ ಅಲ್ಲ. ನಾನು ಕೇಳಿದ್ದು, "ಅವತ್ತು ಯಾವ ವಾರ ಅತ್ತೆ? ನಂಗೆ ಆಫೀಸಿರುತ್ತಲ್ಲ" ಅಂತ.

ಅತ್ತೆಗೆ ಅರವತ್ತಾರು ವರ್ಷ. ಅವರ ಅಪ್ಪ ಅಗ್ನಿಶಾಮಕ ದಳದ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಿದ್ದರಂತೆ. ಅಪ್ಪ ಮಲಗಿದ ಮೇಲೆ ಮಗಳು ಅದನ್ನು ಹೊದಿಕೆಯೊಳಗೆ ಎಳೆದುಕೊಂಡು ಊದಿ ಕಲಿತಳು. ಹತ್ತೊಂಬತ್ತಕ್ಕೆ ಒಂದು ಡ್ಯಾನ್ಸ್ ಹಾಲಿನ ಜಾಝ್ ಬ್ಯಾಂಡಿನಲ್ಲಿ ಹಿಂದಿನ ಸಾಲಿನ ಕುರ್ಚಿ ಸಿಕ್ಕಿತು. ಮೂರನೇ ತಿಂಗಳಿಗೆ ಡ್ಯಾನ್ಸ್ ಹಾಲಿನ ಮಾಲೀಕ ಬಂದು, "ಅದನ್ನ ಕೆಳಗಿಟ್ಟು ಮುಂದೆ ಬಂದು ಹಾಡಮ್ಮ, ಜನ ಮುಖ ನೋಡ್ಲಿ" ಎಂದನಂತೆ. "ನಾನು ಹಾಡೋಕೆ ಬಂದೋಳಲ್ಲ" ಎಂದು ಅತ್ತೆ ಎದ್ದು ಬಂದರು. ಆಮೇಲೆ ಒಬ್ಬ ಡ್ರಮ್ಮಿನವನನ್ನು, ಒಬ್ಬ ಬೇಸ್ ನುಡಿಸುವವನನ್ನು ಸೇರಿಸಿಕೊಂಡು ತಮ್ಮದೇ ರಚನೆಗಳನ್ನು ಶುರು ಮಾಡಿದರು. ಗುನುಗುವುದಕ್ಕೆ ಬರುವ ಸಂಗೀತವಲ್ಲ ಅದು. ಶಾಲೆಯ ಸಭಾಂಗಣ, ಮೀನಿನ ಗೋದಾಮು, ಮುಚ್ಚಿದ ಸಿನಿಮಾ ಮಂದಿರ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ, ಹತ್ತು ಹದಿನೈದು ಜನರ ಮುಂದೆ ನುಡಿಸಿದರು. ಹಗಲೆಲ್ಲ ಮಕ್ಕಳಿಗೆ ತುತ್ತೂರಿ ಕಲಿಸುವ ಕೆಲಸ. ಎರಡು ರೆಕಾರ್ಡು ಬಂದವು. ಮೊದಲನೆಯದರ ಬಗ್ಗೆ ದೊಡ್ಡ ವಿಮರ್ಶಕನೊಬ್ಬ ಪತ್ರಿಕೆಯಲ್ಲಿ, ಕಟ್ಟಿಕೊಂಡ ಚರಂಡಿ ಬಿಡಿಸುವ ಸದ್ದಿಗೆ ಟಿಕೆಟ್ ಇಟ್ಟಿದ್ದಾರೆ ಎಂದು ಬರೆದ. ಅವನು ಸತ್ತ ಮೇಲೆ ಒಂದು ರಸ್ತೆಗೆ ಅವನ ಹೆಸರಿಟ್ಟರು. ನಾನು ದಿನಾ ಬಸ್ಸು ಹತ್ತುವುದು ಅದೇ ರಸ್ತೆಯಲ್ಲಿ.

ಹೊರಗಿನವರನ್ನು ಬೈದು ಏನು ಪ್ರಯೋಜನ? ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಮನೆಗೇ ಹೇಳಿ ಮಾಡಿಸಿದ ಮಾತು. ಅತ್ತೆ ಬೆಳಿಗ್ಗೆ ಆರೂಕಾಲಕ್ಕೆ ಹಿಂದಿನ ಕೋಣೆಯಲ್ಲಿ ಊದಲು ಕೂರುತ್ತಾರೆ. ಮಾವ ಅದೇ ಹೊತ್ತಿಗೆ ತಮ್ಮ ಗ್ಯಾರೇಜಿನಲ್ಲಿ ಸದ್ದು ತಡೆಯಲು ಹಾಕಿಕೊಳ್ಳುವ ಕಿವಿಮುಚ್ಚಿಗೆಯನ್ನು ಏರಿಸಿಕೊಂಡು ತಿಂಡಿಗೆ ಕೂರುತ್ತಾರೆ. ಅವರಿಗೆ ಏನಾದರೂ ಬೇಕಿದ್ದರೆ ಚಮಚದಿಂದ ಮೇಜು ಕುಟ್ಟುತ್ತಾರೆ. ನನ್ನ ಗಂಡ ಸ್ನಾನದ ಮನೆಯ ನಲ್ಲಿ ಪೂರ್ತಿ ತಿರುಗಿಸಿಬಿಡುತ್ತಾರೆ. ಊದಿದ ಉಸಿರು ಕೊಳವೆಯಲ್ಲಿ ನೀರಾಗಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಅದರಡಿ ಹಾಸುವ ಟವೆಲನ್ನು ಒಗೆಯುವವಳು, ನೆಲ ಒರೆಸುವವಳು ನಾನು. ಈ ಮನೆಗೆ ಬಂದು ಹನ್ನೊಂದು ವರ್ಷ ಆಯಿತು. ಬೀದಿಯವರು ಅತ್ತೆಯನ್ನು ಕೊಳಾಯಮ್ಮ ಅಂತಲೇ ಕರೆಯುವುದು. ನಾನೂ ಆಫೀಸಿನಲ್ಲಿ ಆ ಹೆಸರು ಹೇಳಿ ನಗಿಸಿದ್ದೇನೆ.

ಟ್ರೊಂಬೋನಿಗೆ ಗುಂಡಿಗಳಿಲ್ಲ. ಒಂದರೊಳಗೊಂದು ಜಾರುವ ಉದ್ದ ಕೊಳವೆ ಇರುತ್ತದೆ, ಸ್ಲೈಡ್ ಅಂತಾರೆ. ಅದನ್ನು ಹಿಂದೆ ಮುಂದೆ ಎಳೆದು ಸ್ವರ ಹುಡುಕಬೇಕು. ಕೈ ನಿಲ್ಲಿಸುವುದಕ್ಕೆ ಏಳು ಜಾಗ. ಅತ್ತೆಯ ಸ್ಲೈಡಿನಲ್ಲಿ ನಾಲ್ಕನೆಯ ಜಾಗದ ಹತ್ತಿರ ಒಂದು ನೆಗ್ಗು ಇತ್ತು. ನನ್ನ ಗಂಡ ಎರಡು ವರ್ಷದ ಮಗುವಾಗಿದ್ದಾಗ ಅದರ ಮೇಲೆ ಹತ್ತಿ ನಿಂತು ಮಾಡಿದ್ದು. ಕೈ ಅಲ್ಲಿಗೆ ಬಂದಾಗಲೆಲ್ಲ ಕೊಳವೆ ತೊಡರುತ್ತದೆ, ಸ್ವರ ಎರಡಾಗಿ ಒಡೆಯುತ್ತದೆ, ಮಧ್ಯೆ ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಬರುತ್ತದೆ.

ಈ ನೆಗ್ಗು ಮಾವನ ಕಣ್ಣಿಗೆ ಚುಚ್ಚುವ ಮುಳ್ಳು. ಯಾಕೆಂದರೆ ಮಾವನ ಕಸುಬೇ ನೆಗ್ಗು ತೆಗೆಯುವುದು. ಗುದ್ದಿಸಿಕೊಂಡು ಬಂದ ಕಾರು, ವ್ಯಾನುಗಳನ್ನು ತಟ್ಟಿ ನೆಟ್ಟಗೆ ಮಾಡುವ ಗ್ಯಾರೇಜು ಅವರದು. ಅವರು ಕೈಯಿಟ್ಟ ತಗಡಿನ ಮೇಲೆ ಎಲ್ಲಿ ಪೆಟ್ಟು ಬಿದ್ದಿತ್ತು ಎಂದು ಕಾರಿನ ಯಜಮಾನನಿಗೂ ಹೇಳಲಾಗುವುದಿಲ್ಲ.

"ಊರಿನ ನೆಗ್ಗೆಲ್ಲ ತೆಗೀತಾನೆ, ಹೆಂಡತಿ ಪೀಪಿ ಹಾಗೇ ಬಿಟ್ಟವ್ನೆ ಅಂತ ಗ್ಯಾರೇಜಲ್ಲಿ ನಗ್ತಾರೆ ಕಣೇ" ಎಂದು ಅವರು ಆಗಾಗ ಹೇಳುವರು.

"ನಗ್ಲಿ ಬಿಡಿ" ಎನ್ನುವರು ಅತ್ತೆ.

"ಒಂದ್ ಗಂಟೆ ಕೆಲಸ ಅದು."

"ಅದನ್ನ ಮುಟ್ಟಬೇಡಿ ಅಂದಿದೀನಿ."

ಯಾಕೆ ಮುಟ್ಟಬಾರದು ಎಂದು ನಾವು ಯಾರೂ ಕೇಳಲಿಲ್ಲ. ಮುದುಕಿಯ ಹಟ ಎಂದುಕೊಂಡೆವು.

ಎರಡನೆಯ ವಾರದಿಂದ ಅತ್ತೆ ಸಂಜೆಯೂ ಊದತೊಡಗಿದರು. ತುಟಿ ಬಾತು ಚಹಾ ಕುಡಿಯುವುದೂ ಕಷ್ಟವಾಯಿತು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕೆನ್ನೆ ಊದಿಕೊಂಡು ಎದ್ದರು. ನಾನೇ ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಕನ್ನಡಿ ಇಟ್ಟು ನೋಡಿ ಹೇಳಿದಳು: "ಮುಂದಿನ ಎರಡು ಹಲ್ಲು ಅಲ್ಲಾಡ್ತಿವೆ. ಒಳಗೆ ಕೀವಾಗಿದೆ. ನಾಲ್ಕು ದಿನ ಊದಲೇಬೇಡಿ. ಮುಂದಿನ ತಿಂಗಳು ಎರಡನ್ನೂ ಕೀಳಬೇಕಾಗುತ್ತೆ."

"ಕಟ್ಟಿಸಿಕೊಂಡ ಹಲ್ಲಲ್ಲಿ ಊದೋಕಾಗುತ್ತಾ?"

"ಊದ್ಬಹುದು. ಮೊದಲಿನ ಹಾಗೇ ಬರುತ್ತೆ ಅಂತ ನಾನು ಹೇಳಲಾರೆ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕುಳಿತು, "ಹಾಗಾದ್ರೆ ಇದೊಂದೇ ಸಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ಗೊತ್ತಿದ್ದೂ ಮಾರನೆಯ ದಿನವೇ ನಾನು ಮಾಡಿದ ಕೆಲಸ ನೋಡಿ.

ಮಾತ್ರೆ ನುಂಗಿ ಅತ್ತೆ ಮಲಗಿದ್ದರು. ಮಾವ ಅಡುಗೆಮನೆಗೆ ಬಂದು ಕದ ಓರೆ ಮಾಡಿದರು. ಹಿಂದೆ ನನ್ನ ಗಂಡ.

"ಆ ಸ್ಲೈಡ್ ತಂದ್ಕೊಡು" ಎಂದರು ಮಾವ.

"ಯಾಕೆ ಮಾವ?"

"ಊದೋ ಹಾಗಿಲ್ವಲ್ಲ ನಾಲ್ಕ್ ದಿನ. ಅಷ್ಟ್ರಲ್ಲಿ ಸರಿ ಮಾಡಿ ಇಟ್ಬಿಡೋಣ. ರೇಡಿಯೋಗೆ ಹೋಗೋವಾಗ ಹೊಸಾದರ ಹಾಗಿರ್ಲಿ."

"ಮುಟ್ಟಬೇಡಿ ಅಂದಿದ್ರಲ್ಲ ಅತ್ತೆ?"

"ಕೇಳಿದ್ರೆ ಬೇಡಾಂತಾನೇ ಅಂತಾರೆ ಅಮ್ಮ" ಎಂದರು ನನ್ನ ಗಂಡ. "ನಾನು ಕೆಡಿಸಿದ್ದು, ಅಪ್ಪ ಸರಿ ಮಾಡ್ತಾರೆ. ನೋಡಿದ್ಮೇಲೆ ಖುಷಿ ಪಡ್ತಾರೆ ಬಿಡು."

ಪೆಟ್ಟಿಗೆಯ ಬೀಗದ ಕೈ ಎಲ್ಲಿರುತ್ತದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ನಾನೇ ತೆಗೆದೆ, ನಾನೇ ಟವೆಲಿನಲ್ಲಿ ಸುತ್ತಿ ಕೊಟ್ಟೆ.

ಮಾವ ಕೊಳವೆಯೊಳಗೆ ಸರಿಯಾಗಿ ಕೂರುವಂಥ ಉಕ್ಕಿನ ಸರಳನ್ನು ಲೇತಿನಲ್ಲಿ ಎರಡು ದಿನ ಕಡೆದರು. ಕೂದಲೆಳೆಯಷ್ಟು ಹೆಚ್ಚಾಯಿತೆಂದು ಮೊದಲನೆಯದನ್ನು ಎಸೆದರು. ಎರಡನೆಯದನ್ನು ಒಳಗೆ ತೂರಿಸಿ, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ನೆಗ್ಗನ್ನು ಎಬ್ಬಿಸಿದರು. ಗ್ಯಾರೇಜಿನ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಹೊಳಪು ಕೊಡುವುದನ್ನೂ ತಾವೇ ಮಾಡಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಮಾವ ಅತ್ತೆಗಾಗಿ ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಬೇರೊಂದಿಲ್ಲ. ನನ್ನ ಸಿಟ್ಟು ಇವತ್ತಿಗೂ ಆರದಿರುವುದು ಅದಕ್ಕೇ.

ಐದನೆಯ ದಿನ ಭಾನುವಾರ. ಅತ್ತೆಯ ಕೆನ್ನೆ ಇಳಿದಿತ್ತು. ನನ್ನ ಗಂಡ ಮೀನು ತಂದಿದ್ದರು. ಮೇಜಿನ ನಡುವೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಸ್ಲೈಡನ್ನು ಮಲಗಿಸಿ ಮಾವ ಕಾದು ನಿಂತಿದ್ದರು.

"ನೋಡು, ನಾಯಿ ಬಾಲ ನೆಟ್ಟಗೆ ಮಾಡಿದೀನಿ" ಎಂದರು.

ಅತ್ತೆ ಅದನ್ನು ಕೈಗೆತ್ತಿಕೊಂಡರು. ಒಮ್ಮೆ ಹೊರಗೆ ಎಳೆದರು, ಒಮ್ಮೆ ಒಳಗೆ. ಎಣ್ಣೆ ಹಾಕಿದ ಹಾಗೆ ಜಾರಿತು. ಅವರು ಅದನ್ನು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದರು.

"ಆನಂದಕ್ಕೆ ಮಾತೇ ಹೊರಡ್ಲಿಲ್ಲ" ಎಂದರು ನನ್ನ ಗಂಡ.

ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಕೋಣೆಯೊಳಗಿಂದ ಕೃತಿಯ ಮೊದಲ ಭಾಗ ಶುರುವಾಯಿತು. ಹನ್ನೊಂದು ವರ್ಷದಿಂದ ಬೇಡವೆಂದರೂ ಕಿವಿಗೆ ಬಿದ್ದದ್ದು, ಸ್ವರ ಸ್ವರವೂ ನನಗೆ ಬಾಯಿಪಾಠ. ಒಂದು ಸ್ವರ ಕೆಳಗಿಳಿಯುತ್ತ ಬಂತು, ಬಂತು, ಒಡೆಯುವ ಜಾಗಕ್ಕೆ ಬಂತು. ಒಡೆಯಲಿಲ್ಲ. ನುಣ್ಣಗೆ ದಾಟಿ ಹೋಯಿತು. ನನ್ನ ಕೈಯಲ್ಲಿದ್ದ ಚಾಕು ನಿಂತಿತು. ಆ ಕಿರುಗುಟ್ಟುವ ಸದ್ದಿಗೆ ಉತ್ತರವಾಗಿಯೇ ಅದರ ಮುಂದಿನ ಸ್ವರ ಬರುತ್ತಿತ್ತು, ಅದರ ಮುಂದಿನದೂ. ಈಗ ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತ ಹೋದಂತಿತ್ತು. ಒಳಗೆ ಅತ್ತೆ ನಿಲ್ಲಿಸಿದರು. ಮತ್ತೆ ಊದಿದರು. ಮತ್ತೆ ನಿಲ್ಲಿಸಿದರು.

ಮೇಜಿಗೆ ವಾಪಸು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು?" ಎಂದರು ಮಾವ. "ನೆಗ್ಗಿತ್ತು, ತೆಗೆದೆ."

"ಆ ನೆಗ್ಗಿನ ಮೇಲೇ ಕಟ್ಟಿದೀನಲ್ರೀ ನಾನು. ಇವ್ನು ತುಳಿದ ದಿನ ಸಂಜೆ ಕಚೇರಿ ಇತ್ತು. ಬೇರೆ ವಾದ್ಯ ಇರ್ಲಿಲ್ಲ, ಹಾಗೇ ಊದಿದೆ. ಆ ಸದ್ದು ಕೇಳಿ ಮನೆಗೆ ಬಂದು ಬರೆಯೋಕೆ ಕೂತೆ. ಅಲ್ಲಿಂದ ಇಲ್ಲೀವರೆಗೆ ನಾನು ಬರೆದಿದ್ದೆಲ್ಲ ಆ ಜಾಗದಿಂದಾನೇ ಹೊರಟಿದ್ದು. ನಲವತ್ತೊಂದು ನಿಮಿಷದಲ್ಲಿ ಹತ್ತೊಂಬತ್ತು ಸಲ ಬರುತ್ತೆ ಅದು."

"ಹೇಳ್ಬೇಕಾಗಿತ್ತಮ್ಮ" ಎಂದರು ನನ್ನ ಗಂಡ.

"ದಿನಾ ಬೆಳಿಗ್ಗೆ ಆರೂಕಾಲಕ್ಕೆ ಹೇಳ್ತಾನೇ ಇದ್ನಲ್ಲೋ."

ಮಾವನಿಗೆ ರೇಗಿತು. "ಎರಡು ದಿನ ನಿಂತು ಮಾಡಿದೀನಿ ನಾನು. ಒಂದು ಒಳ್ಳೆ ಮಾತಿಲ್ಲ. ಜಗತ್ತಲ್ಲಿ ಯಾರಾದ್ರೂ ಮುರಿದ ವಾದ್ಯಕ್ಕೆ ಅಂತ ಸಂಗೀತ ಬರೀತಾರಾ?"

"ನಾನು ಬರೆದೆ."

"ಅದಕ್ಕೇ ಹತ್ತು ಜನ ಕೇಳಿದ್ದು."

ಅತ್ತೆ ಮಾವನ ಮುಖವನ್ನೇ ನೋಡಿದರು. "ಆ ಹತ್ತು ಜನದಲ್ಲಿ ನೀವಿರ್ಲಿಲ್ಲ" ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದರು. ಮೀನನ್ನು ಯಾರೂ ತಿನ್ನಲಿಲ್ಲ. ನಾನು ಸಂಜೆ ಬೀದಿಯ ಬೆಕ್ಕಿಗೆ ಹಾಕಿದೆ.

ಉಳಿದದ್ದು ಹನ್ನೆರಡು ದಿನ. ನನ್ನ ಗಂಡ ತಪ್ಪು ತಿದ್ದಿಕೊಳ್ಳಲು ರೇಡಿಯೋದವನಿಗೆ ಫೋನು ಹಚ್ಚಿದರು. ದಿನ ಮುಂದೂಡಲು ಸಾಧ್ಯವೇ ಇಲ್ಲ, ಆಮೇಲೆ ಸ್ಟುಡಿಯೋ ದುರಸ್ತಿಗೆ ಮುಚ್ಚುತ್ತದೆ ಎಂದ ಅವನು. ಸಂಗತಿ ಕೇಳಿ ಸಮಾಧಾನವನ್ನೂ ಹೇಳಿದ: "ಅದಕ್ಯಾಕೆ ಯೋಚನೆ? ಅಂಥ ಸದ್ದು ನಮ್ಮ ಹತ್ರ ನೂರಾರಿವೆ. ಬಾಗಿಲು ಕಿರುಗುಟ್ಟೋದು, ಕುರ್ಚಿ ಎಳೆಯೋದು, ಯಾವುದು ಬೇಕೋ ಆಮೇಲೆ ಸೇರಿಸ್ತೀವಿ."

ಅತ್ತೆ ಫೋನು ಇಸಿದುಕೊಂಡರು. "ನಿಮ್ಮ ಬಾಗಿಲಿಗೆ ಎಣ್ಣೆ ಹಾಕ್ಸಿ. ನಾನು ಬರ್ತೀನಿ" ಎಂದು ಇಟ್ಟರು.

ಬರುತ್ತೇನೆ ಎಂದವರು ಆರು ದಿನ ವಾದ್ಯ ಮುಟ್ಟಲಿಲ್ಲ. ಕಿಟಕಿಗಳನ್ನು ತೊಳೆದರು. ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸಿದರು. ನಮ್ಮೆಲ್ಲರ ಅಂಗಿಗಳಿಗೆ ಇಸ್ತ್ರಿ ಹಾಕಿದರು. ಬೆಳಿಗ್ಗೆ ಆರೂಕಾಲಕ್ಕೆ ಮನೆ ಸುಮ್ಮನಿರುತ್ತಿತ್ತು. ಮಾವ ಅಭ್ಯಾಸಬಲದಿಂದ ಕಿವಿಮುಚ್ಚಿಗೆ ಹಾಕಿಕೊಳ್ಳುವರು, ಒಂದು ನಿಮಿಷ ಬಿಟ್ಟು ತೆಗೆಯುವರು.

"ಈಗ ನೆಮ್ಮದಿಯಾ?" ಎಂದು ನಾನು ಒಂದು ದಿನ ನನ್ನ ಗಂಡನನ್ನು ಕೇಳಿದೆ.

"ನನ್ನೊಬ್ನನ್ನೇ ಯಾಕೆ ಅಂತೀಯಾ? ಪೆಟ್ಟಿಗೆ ತೆಗೆದುಕೊಟ್ಟೋಳು ನೀನು."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಏಳನೆಯ ದಿನ ಮಾವ ನನ್ನನ್ನು ಗ್ಯಾರೇಜಿಗೆ ಕರೆಸಿಕೊಂಡರು. ಯಾವುದೋ ಶಾಲೆಯ ಗುಜರಿಯಿಂದ ಹಳೆಯ ಟ್ರೊಂಬೋನೊಂದನ್ನು ತಂದು, ಅದರ ಸ್ಲೈಡಿಗೆ ತಾವೇ ನೆಗ್ಗು ಹಾಕಿದ್ದರು. ನೆಟ್ಟಗೆ ಮಾಡುವುದನ್ನೇ ಜೀವಮಾನವಿಡೀ ಮಾಡಿದ ಮನುಷ್ಯ ಸುತ್ತಿಗೆ ಹಿಡಿದು ಕೆಡಿಸಲು ಕಲಿಯುತ್ತಿದ್ದರು.

ಕೊಳವೆಯನ್ನು ಎಳೆದು, "ಹೀಗಾ?" ಎಂದರು.

"ಇಲ್ಲ ಮಾವ. ಇದು ಬರೀ ಕೆರೆಯುತ್ತೆ."

ಇನ್ನೊಂದು ಪೆಟ್ಟು ಹಾಕಿದರು. "ಈಗ?"

"ಈಗ ಸಿಕ್ಕಾಕೊಳ್ತಿದೆ. ಅದು ಸಿಕ್ಕಾಕೊಂಡು ಆಮೇಲೆ ಜಾರ್ತಿತ್ತು."

ಪೆಟ್ಟು ತಿಂದು ತಿಂದು ಸ್ಲೈಡಿನ ಹೊರಗಿನ ಕೊಳವೆ, ಒಳಗಿನ ಕೊಳವೆ ಎರಡೂ ಹಾಳಾದವು. ಮಾವ ಸುತ್ತಿಗೆ ಕೆಳಗಿಟ್ಟು ಹಳೆಯ ಟೈರಿನ ಮೇಲೆ ಕುಳಿತರು. "ನಿಂಗೆ ಅದು ಹೇಗಿತ್ತು ಅಂತ ಗೊತ್ತು. ನಂಗೆ ಗೊತ್ತೇ ಇಲ್ಲ" ಎಂದರು. "ಕಿವಿ ಮುಚ್ಕೊಂಡಿದ್ನಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣವೇ ಬಂದು ನಾನು ಕೇಳಿಸಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡರೆ ಏನು ಮಾಡಬೇಕು ಎಂದು ಗಾದೆ ಹೇಳುವುದಿಲ್ಲ. ನನಗೆ ಪಾಪ ಎನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಾವ ತಲೆ ತಗ್ಗಿಸಿಕೊಂಡೇ ಕೇಳಿದರು. "ನೀನು ಪಕ್ಕದಲ್ಲಿ ಕೂತು ಹೇಳಿದ್ರೆ, ನಿನ್ನ ಸ್ಲೈಡಿಗೆ ವಾಪಸ್ ಹಾಕ್ಕೊಡ್ತೀನಿ ಕಣೇ. ಹೊಟ್ಟೆಗೆ ಹಾಕ್ಕೊ."

"ಬೇಡ" ಎಂದರು ಅತ್ತೆ.

"ಪ್ರಯತ್ನ ಮಾಡ್ಬಹುದಲ್ಲಮ್ಮ" ಎಂದರು ನನ್ನ ಗಂಡ.

"ಅದು ಮಗು ತುಳಿದು ಆಗಿದ್ದು. ಇವರು ಹೊಡೆದು ಮಾಡಿದ್ರೆ ಅದು ಇವರ ನೆಗ್ಗಾಗುತ್ತೆ. ಅದಕ್ಕೆ ಬರೆಯೋಕೆ ನಂಗೆ ಇನ್ನೊಂದು ಮೂವತ್ತು ವರ್ಷ ಬೇಕು, ಹಲ್ಲೂ ಬೇಕು." ಅತ್ತೆ ಬ್ರೆಡ್ಡು ಮುರಿದು ಸೂಪಿನಲ್ಲಿ ಅದ್ದಿದರು. "ಅವತ್ತು ಮೂರೂ ಜನ ಸ್ಟುಡಿಯೋಗೆ ಬರ್ಬೇಕು."

"ನಂಗೆ ಮೀಟಿಂಗಿದೆ" ಎಂದರು ನನ್ನ ಗಂಡ.

"ಬರ್ಬೇಕು."

ಮಾರನೆಯ ದಿನ ನಾನು ಚಹಾ ಕೊಡಲು ಹೋದಾಗ ಅತ್ತೆ ಸ್ವರದ ಹಾಳೆಗಳನ್ನು ಮಂಚದ ತುಂಬ ಹರಡಿಕೊಂಡು ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಏನು ಬರೆಯುತ್ತಿದ್ದಾರೆ ಎಂದು ನಾನು ಕೇಳಿದೆ. ಅವರು ಹಾಳೆಯನ್ನು ಮಗುಚಿಟ್ಟು ಚಹಾ ತೆಗೆದುಕೊಂಡರು. ಉಳಿದ ದಿನಗಳ ಅಭ್ಯಾಸವನ್ನೆಲ್ಲ ಡ್ರಮ್ಮಿನವನ ಮನೆಯಲ್ಲೇ ಮಾಡಿದರು. ಪೆಟ್ಟಿಗೆಯ ಬೀಗದ ಕೈ ಈಗ ಅವರ ಕೊರಳಲ್ಲಿತ್ತು.

ಸ್ಟುಡಿಯೋದಲ್ಲಿ ನಮ್ಮ ಮೂವರನ್ನೂ ಗಾಜಿನ ಈಚೆ ಬೆಂಚಿನ ಮೇಲೆ ಕೂರಿಸಿದರು. ಗಾಜಿನ ಆಚೆ ಅತ್ತೆ, ಡ್ರಮ್ಮಿನವ, ಬೇಸಿನವ. ಮೂವರಿಗೂ ತಲೆ ನೆರೆತಿತ್ತು. ಕೆಂಪು ದೀಪ ಹತ್ತಿತು. ನಾನು ಬಲ್ಲ ಸ್ವರ ಕೆಳಗಿಳಿಯುತ್ತ ಬಂತು, ಒಡೆಯುವ ಜಾಗ ಮುಟ್ಟಿತು. ಅಲ್ಲಿ ಅತ್ತೆ ವಾದ್ಯವನ್ನು ತುಟಿಯಿಂದ ತೆಗೆದುಬಿಟ್ಟರು. ಡ್ರಮ್ಮು ನಿಂತಿತು, ಬೇಸು ನಿಂತಿತು. ಗಾಜಿನ ಮೂಲಕ ಅತ್ತೆ ನಮ್ಮ ಕಡೆ ನೋಡಿದರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸಿದೆ. ಆಮೇಲೆ ಮುಂದಿನ ಸ್ವರದಿಂದ ಹಿಡಿದುಕೊಂಡು ಹೋದರು.

ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನನ್ನ ಗಂಡ ಕುಳಿತಲ್ಲೇ ಕದಲಿದರು, ಬೆಂಚು ಕಿರ್ರೆಂದಿತು, ಅವರೇ ಬೆಚ್ಚಿದರು. ಏಳನೆಯದರ ಹೊತ್ತಿಗೆ ಮಾವ ಎರಡೂ ಕೈಯಿಂದ ಮಂಡಿ ಹಿಡಿದುಕೊಂಡಿದ್ದರು. ನಡುವೆ ಅತ್ತೆ ಊದಿದ್ದನ್ನು ನಾನು ಹೇಗೆ ಹೇಳಲಿ? ಹನ್ನೊಂದು ವರ್ಷ ಟವೆಲು ಒಗೆಯುತ್ತ ಕೇಳಿದ್ದನ್ನು ನಾನು ಅವತ್ತೇ ಮೊದಲ ಸಲ ಕೂತು ಕೇಳಿದ್ದು. ಅದು ದೊಡ್ಡದಾಗಿತ್ತು, ನಮ್ಮ ಮನೆಯಲ್ಲಿ ಹಿಡಿಸದಷ್ಟು ದೊಡ್ಡದು. ಪ್ರತಿ ಸಲ ಅದು ತುಂಬಿ ಬಂದು, ಸರಿಯಾಗಿ ಅದೇ ಅಂಚಿಗೆ ನಿಂತು ಬರಿದಾಗುತ್ತಿತ್ತು. ಹತ್ತೊಂಬತ್ತನೆಯ ಸಲ ಅತ್ತೆ ಎಷ್ಟು ಹೊತ್ತು ತಡೆದರೆಂದರೆ ಯಂತ್ರದ ಮುಂದೆ ಕೂತಿದ್ದ ರೇಡಿಯೋದವನು ಮುಗಿಯಿತೆಂದು ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡ.

ಕೆಂಪು ದೀಪ ಆರಿದ ಮೇಲೆ ಅವನು ಒಳಗೆ ಓಡಿದ. ನಾವೂ ಹಿಂದೆ ಹೋದೆವು. ಅತ್ತೆ ಬಟ್ಟೆಯಿಂದ ತುಟಿ ಒತ್ತಿಕೊಂಡಿದ್ದರು, ಬಟ್ಟೆಯಲ್ಲಿ ಸ್ವಲ್ಪ ರಕ್ತವಿತ್ತು.

"ಆ ಮೌನಗಳು ಮೇಡಂ" ಎಂದ ಅವನು. "ಮೈ ಜುಮ್ ಅಂತು. ನೀವು ಮೊದ್ಲು ಕಳಿಸಿದ ಹಾಳೇಲಿ ಅದಿರ್ಲಿಲ್ಲ. ಯಾವಾಗ ಬರೆದ್ರಿ?"

"ನಾನು ಬರೆದಿದ್ದಲ್ಲ" ಎಂದರು ಅತ್ತೆ. "ಹತ್ತೊಂಬತ್ತೂ ಇವ್ರು ಮೂರು ಜನ ಸೇರಿ ಮಾಡಿದ್ದು. ರಚನೆ ಅಂತ ನನ್ನ ಹೆಸರು ಹಾಕ್ತೀರಲ್ಲ, ಅದರ ಕೆಳಗೆ ಮೌನ ಅಂತ ಬರೆದು ಇವ್ರ ಹೆಸರು ಹಾಕಿ."

ನನ್ನ ಗಂಡ ತಮಾಷೆಯಿರಬಹುದೆಂದು ನಗಲು ನೋಡಿದರು. ಅತ್ತೆ ನಗಲಿಲ್ಲ. ರೇಡಿಯೋದವನು ಮಾತ್ರ ಸಂಭ್ರಮದಿಂದ ಮಾವನ ಕೈ ಹಿಡಿದು ಕುಲುಕಿದ. "ಮನೆಯೋರೆಲ್ಲ ಸಂಗೀತದವರೇ ಅಂತ ಗೊತ್ತಿರ್ಲಿಲ್ಲ ಸಾರ್. ನೀವೇನು ನುಡಿಸ್ತೀರಿ?"

"ನಾನು ನೆಗ್ಗು ತೆಗೆಯೋನು" ಎಂದರು ಮಾವ.

ಅವನಿಗೆ ಅರ್ಥವಾಗಲಿಲ್ಲ. ಒಂದು ಫಾರಂ ತಂದು, ಹೆಸರು ತಪ್ಪಾಗಬಾರದು, ನೀವೇ ಬರೆದುಬಿಡಿ ಎಂದ. ಮಾವ ಬರೆದರು. ಪೆನ್ನನ್ನು ನನ್ನ ಗಂಡನಿಗೆ ಕೊಟ್ಟರು, ನನ್ನ ಗಂಡ ಬರೆದು ನನಗೆ ಕೊಟ್ಟರು. ಅತ್ತೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ನಾನು ಕೊನೆಯ ಅಕ್ಷರ ಬರೆದು ಮುಗಿಸುವವರೆಗೂ ಪಕ್ಕದಲ್ಲೇ ನಿಂತು ನೋಡಿದರು.